ಯಾರಿಗೆ ಓಟು ಅಂತ ಬರೆದಿರಿ, ಯಾಕೆ ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಮುಂದಿನ ಅಧ್ಯಕ್ಷೀಯ ಚುನಾವಣೆಗೆ ಯಾವ ಪಕ್ಷದಿಂದ ಯಾರು ಯಾರು ನಿಲ್ಲಬಹುದು ಎಂಬ ನಿಮ್ಮ ಲೇಖನ ಓದಿದೆ. 2028ರ ಮತದಾನಕ್ಕೆ ಮುಂಚೆಯೇ ಹೆಸರುಗಳ ಪಟ್ಟಿ ತಯಾರಾಗಿದೆ, ಇರಲಿ. ಲೇಖನ ಚೆನ್ನಾಗಿದೆ, ಮಾಹಿತಿ ತಪ್ಪಿಲ್ಲ. ನನ್ನ ತಕರಾರು ಒಂದೇ. ಹಿಂದಿನ ಪ್ರೈಮರಿಗಳ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನಗಳ ಬಗ್ಗೆ ಬರೆದ ಭಾಗದಲ್ಲಿ ಯಾರು ಎಲ್ಲಿ ಗೆದ್ದರು, ಎಷ್ಟು ಡೆಲಿಗೇಟ್ (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು) ಸಿಕ್ಕಿದರು, ಯಾರು ಯಾವಾಗ ಕಣದಿಂದ ಹಿಂದೆ ಸರಿದರು, ಎಲ್ಲ ಇದೆ. ಓಟು ಹಾಕಿದವರು ಮಾತ್ರ ಇಲ್ಲ. ಒಂದು ಕಡೆ ಇದ್ದಾರೆ, ಅದೂ 'ಮತದಾರರು ಬದಲಾವಣೆ ಬಯಸಿದರು' ಅನ್ನುವ ಒಂದು ಸಾಲಿನಲ್ಲಿ. ಯಾವ ಮತದಾರರು? ಏನು ಬದಲಾವಣೆ? ಯಾರಾದರೂ ಅವರನ್ನು ಕೇಳಿದರಾ?

ನಾನು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದೇನೆ. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಪ್ರೈಮರಿಗಳಲ್ಲಿ ಓಟು ಹಾಕುತ್ತಾ ಬಂದಿದ್ದೇನೆ, ಪಕ್ಕದ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಮನೆ ಮನೆ ಬಾಗಿಲು ತಟ್ಟಿ ಪ್ರಚಾರವನ್ನೂ ಮಾಡಿದ್ದೇನೆ. ಬಾಗಿಲು ತೆಗೆದವರು ಹೇಳುವ ಕಾರಣ ಕೇಳಿದ ಮೇಲೆ ಈ 'ಬದಲಾವಣೆ ಬಯಸಿದರು' ಅನ್ನುವ ಥರದ ಸಾಲು ಓದಿದರೆ ಸ್ವಲ್ಪ ಮೈ ಉರಿಯುತ್ತದೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಹಾಕಿ.

ಗೊತ್ತಿಲ್ಲದ ಓದುಗರಿಗೆ ಮೊದಲು ಎರಡು ಮಾತು. ನಮ್ಮ ಕರ್ನಾಟಕದಲ್ಲಿ ಟಿಕೆಟ್ ಯಾರಿಗೆ ಅನ್ನೋದನ್ನು ಹೈಕಮಾಂಡ್ ತೀರ್ಮಾನ ಮಾಡುತ್ತದೆ, ಬಿ ಫಾರಂ ಕೈಗೆ ಬರುವವರೆಗೂ ಆಕಾಂಕ್ಷಿಗಳಿಗೆ ನಿದ್ದೆ ಇಲ್ಲ. ಅಮೆರಿಕದಲ್ಲಿ ಆ ಟಿಕೆಟ್ ಕೊಡೋದು ಮತದಾರರೇ, ಅದೇ ಪ್ರೈಮರಿ. ನಿಯಮ ರಾಜ್ಯಕ್ಕೊಂದು ಥರ. ನ್ಯೂಯಾರ್ಕ್‌ನಲ್ಲಿ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಪ್ರೈಮರಿ. ದಕ್ಷಿಣ ಕರೊಲೈನಾದಲ್ಲಿ ಪಕ್ಷದ ನೋಂದಣಿ ಅನ್ನೋದೇ ಇಲ್ಲ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಯಾವ ಪಕ್ಷಕ್ಕೂ ಸೇರದವರು ಮತಗಟ್ಟೆಗೆ ಹೋಗಿ ಇಂಥ ಪಕ್ಷದ ಬ್ಯಾಲೆಟ್ ಕೊಡಿ ಅಂತ ಕೇಳಿ ಪಡೆಯಬಹುದು. ಪ್ರೈಮರಿಗಳು ಬಹಳ ಹಿಂದಿನಿಂದ ಇದ್ದರೂ ಅವೇ ಕೊನೆಯ ಮಾತು ಆಗಿರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ಇಳಿಯದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆದರು. ಅಭ್ಯರ್ಥಿಯನ್ನು ಆರಿಸಿದ ಶಿಕಾಗೋ ಸಮಾವೇಶದ ಹೊರಗೆ ಬೀದಿಯಲ್ಲಿ ಹೊಡೆದಾಟ ಆಯಿತು, ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಹಂಫ್ರಿ ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ ಸೋತರು, ಆಮೇಲೆ ಪಕ್ಷ ನಿಯಮ ಬದಲಾಯಿಸಿತು. 1972ರಿಂದ ಈಚೆಗೆ ಟಿಕೆಟ್ ನಿಜವಾಗಿಯೂ ಮತದಾರರ ಕೈಯಲ್ಲಿದೆ. ಆದರೂ ಅರ್ಹ ಮತದಾರರಲ್ಲಿ ಮೂರರಲ್ಲಿ ಒಬ್ಬರೂ ಪ್ರೈಮರಿಗೆ ಬರೋದಿಲ್ಲ, ಅದು ಬೇರೆ ಕಥೆ.

ಈಗ ವಿಷಯಕ್ಕೆ ಬರುತ್ತೇನೆ. 2020ರ ಫೆಬ್ರುವರಿ. ಡೆಮಾಕ್ರಟಿಕ್ ಪಕ್ಷದಲ್ಲಿ ಟ್ರಂಪ್ ವಿರುದ್ಧ ಯಾರನ್ನು ನಿಲ್ಲಿಸೋದು ಅನ್ನುವ ಜಗಳ. ನಾನು ಅಭ್ಯರ್ಥಿಗಳಲ್ಲಿ ಒಬ್ಬರಾದ ಎಲಿಜಬೆತ್ ವಾರನ್ ಪರ ನ್ಯಾಶುವಾ ಊರಿನಲ್ಲಿ ಬಾಗಿಲು ತಟ್ಟುತ್ತಿದ್ದೆ. ನ್ಯಾಶುವಾ ಅಂದರೆ ನಮ್ಮ ರಾಜ್ಯದ ಗಡಿ ದಾಟಿದ ಕೂಡಲೇ ಸಿಗುವ ಊರು, ಹೀಗಾಗಿ ಮ್ಯಾಸಚೂಸೆಟ್ಸ್‌ನ ಕಾರ್ಯಕರ್ತರೆಲ್ಲ ವಾರಾಂತ್ಯ ಬಂದರೆ ಅಲ್ಲೇ. ನ್ಯೂ ಹ್ಯಾಂಪ್‌ಶೈರ್ ಜನಕ್ಕೆ ಇದೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಬಾಗಿಲು ಹಾಕಿಕೊಳ್ಳುವುದಿಲ್ಲ, ನಿಂತು ಮಾತಾಡುತ್ತಾರೆ. ನಾಲ್ಕೈದು ಅಭ್ಯರ್ಥಿಗಳನ್ನು ಎದುರಿಗೇ ನೋಡಿ, ಪ್ರಶ್ನೆ ಕೇಳಿ ಬಂದವರೂ ಸಿಗುತ್ತಾರೆ.

ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ಆಕೆ ವಾರನ್ ಸಭೆಗೆ ಹೋಗಿದ್ದರು, ಭಾಷಣ ಮುಗಿದ ಮೇಲೆ ಫೋಟೋ ಸಾಲಿನಲ್ಲಿ ಬಹಳ ಹೊತ್ತು ನಿಂತು ಫೋಟೋ ತೆಗೆಸಿಕೊಂಡಿದ್ದರು. ಮೊಬೈಲ್ ತಂದು ತೋರಿಸಿದರು. ವಾರನ್ ಹೇಳೋದೆಲ್ಲ ಸರಿ, ಶಿಶುವಿಹಾರದ ಖರ್ಚಿನ ಬಗ್ಗೆ ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಮಾತಾಡುತ್ತಿಲ್ಲ ಅಂದರು. ನನಗೆ ಖುಷಿ. ಹಾಗಾದರೆ ಮಂಗಳವಾರ ನಿಮ್ಮ ಓಟು ವಾರನ್‌ಗೆ ಅಂತ ಬರೆದುಕೊಳ್ಳಲಾ ಅಂದೆ. ಇಲ್ಲ, ಇನ್ನೊಬ್ಬ ಅಭ್ಯರ್ಥಿ ಕ್ಲೋಬುಶಾರ್‌ಗೆ ಅಂದರು. ಯಾಕೆ? ಪೆನ್ಸಿಲ್ವೇನಿಯಾದಲ್ಲಿ ತಮ್ಮ ಇದ್ದಾನೆ, ಅವನು ವಾರನ್‌ಗೆ ಯಾವತ್ತೂ ಓಟು ಹಾಕಲ್ಲ. ಕೇಳಿದ್ದೀರಾ ಅವರನ್ನ ಅಂದೆ. ಕೇಳೋದೇನು, ನನ್ನ ತಮ್ಮ ಅಲ್ವಾ, ನನಗೆ ಗೊತ್ತಿಲ್ವಾ ಅಂದರು. ಗಂಡ ಹಿಂದಿನಿಂದ ತಲೆ ಅಲ್ಲಾಡಿಸಿದರು.

ಪೆನ್ಸಿಲ್ವೇನಿಯಾ ಅಂದರೆ ಯಾವ ಪಕ್ಷದ ಕಡೆಗಾದರೂ ವಾಲಬಹುದಾದ ರಾಜ್ಯ. ಅಲ್ಲಿನ ಆ ತಮ್ಮನ ಓಟು ಅವನ ಹತ್ತಿರವೇ ಇತ್ತು. ಈಗ ಅಕ್ಕನ ಓಟೂ ಅವನಿಗೇ ಸೇರಿತು.

ಇದು ಒಂದು ಮನೆಯ ಕಥೆ ಅಲ್ಲ. ಆ ವರ್ಷ ಮತಗಟ್ಟೆಯಿಂದ ಹೊರಗೆ ಬಂದವರನ್ನು ಸಮೀಕ್ಷೆಯವರು ಕೇಳಿದ ಪ್ರಶ್ನೆಯೇ ಹೀಗಿತ್ತು: ನಿಮ್ಮ ಅಭಿಪ್ರಾಯಗಳಿಗೆ ಹೊಂದುವ ಅಭ್ಯರ್ಥಿ ಬೇಕಾ, ಟ್ರಂಪ್ ಅವರನ್ನು ಸೋಲಿಸಬಲ್ಲ ಅಭ್ಯರ್ಥಿ ಬೇಕಾ? ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹತ್ತರಲ್ಲಿ ಸುಮಾರು ಆರು ಜನ ಸೋಲಿಸಬಲ್ಲವರು ಬೇಕು ಅಂದರು. ಹತ್ತಿರ ಹತ್ತಿರ ಅರ್ಧದಷ್ಟು ಜನ ಕೊನೆಯ ಕೆಲವು ದಿನಗಳಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡವರು. ಅಷ್ಟು ದಿನ ಅವರು ಅಭ್ಯರ್ಥಿಗಳನ್ನು ತೂಗಿ ನೋಡುತ್ತಿರಲಿಲ್ಲ ಅಂತ ನನ್ನ ಅನುಮಾನ. ಪಕ್ಕದ ಮನೆಯವನು, ಓಹಾಯೋದ ಚಿಕ್ಕಪ್ಪ, ಟಿವಿಯಲ್ಲಿ ಕಂಡ ಯಾವುದೋ ಕಾರ್ಖಾನೆ ಕೆಲಸಗಾರ, ಇವರೆಲ್ಲ ಯಾರನ್ನು ಒಪ್ಪುತ್ತಾರೆ ಅಂತ ತೂಗುತ್ತಿದ್ದರು.

ಫಲಿತಾಂಶ ನಿಮ್ಮ ಲೇಖನದಲ್ಲೇ ಇದೆ. ಸ್ಯಾಂಡರ್ಸ್ ಮೊದಲು, ಬುಟಿಜೆಜ್ ಅವರ ಬೆನ್ನಿಗೇ, ಮೂರನೆಯವರು ಕ್ಲೋಬುಶಾರ್. ವಾರನ್ ನಾಲ್ಕನೇ ಸ್ಥಾನ, ಬೈಡನ್ ಐದನೇ ಸ್ಥಾನ. ಬೈಡನ್ ಅಂತೂ ಎಣಿಕೆ ಮುಗಿಯುವ ಮೊದಲೇ ದಕ್ಷಿಣ ಕರೊಲೈನಾಗೆ ಹೊರಟುಹೋಗಿದ್ದರು.

ಮಾರ್ಚ್ 3, ಸೂಪರ್ ಟ್ಯೂಸ್‌ಡೇ. 14 ರಾಜ್ಯಗಳಲ್ಲಿ ಒಂದೇ ದಿನ ಮತದಾನ, ನಮ್ಮ ರಾಜ್ಯವೂ ಒಂದು. ವಾರನ್ ನಮ್ಮದೇ ಸೆನೆಟರ್, 2018ರಲ್ಲಿ ದೊಡ್ಡ ಅಂತರದಲ್ಲಿ ಗೆಲ್ಲಿಸಿ ಕಳಿಸಿದ್ದೆವು. ಇಲ್ಲಿನ ನಿಯಮದಂತೆ ಪ್ರಚಾರದವರು ಮತಗಟ್ಟೆ ಬಾಗಿಲಿನಿಂದ 150 ಅಡಿ ದೂರ ನಿಲ್ಲಬೇಕು. ನಾನು ಒಂದು ಶಾಲೆಯ ಪಾರ್ಕಿಂಗ್ ಜಾಗದ ತುದಿಯಲ್ಲಿ ಫಲಕ ಹಿಡಿದು ನಿಂತಿದ್ದೆ. ಪರಿಚಯದವರು ಬಂದು ಮಾತಾಡಿಸುವರು, ಆದರೆ ಕಣ್ಣು ತಪ್ಪಿಸುವರು. ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಒಬ್ಬರು ನೇರವಾಗಿ ಹೇಳಿದರು: ಶನಿವಾರದವರೆಗೂ ವಾರನ್, ಸೋಮವಾರದಿಂದ ಬೈಡನ್. ಶನಿವಾರ ಬೈಡನ್ ದಕ್ಷಿಣ ಕರೊಲೈನಾ ಗೆದ್ದಿದ್ದರು, ಭಾನುವಾರ ಬುಟಿಜೆಜ್ ಹಿಂದೆ ಸರಿದರು, ಸೋಮವಾರ ಕ್ಲೋಬುಶಾರ್ ಹಿಂದೆ ಸರಿದು ಇಬ್ಬರೂ ಡಲ್ಲಾಸ್‌ನಲ್ಲಿ ಬೈಡನ್‌ಗೆ ಬೆಂಬಲ ಘೋಷಿಸಿದರು. ಬೈಡನ್ ನಮ್ಮ ರಾಜ್ಯದಲ್ಲಿ ಪ್ರಚಾರವನ್ನೇ ಮಾಡಿರಲಿಲ್ಲ ಅಂದರೂ ನಡೆದೀತು. ಗೆದ್ದದ್ದು ಅವರೇ. ಸ್ಯಾಂಡರ್ಸ್ ಎರಡನೆಯವರು. ವಾರನ್ ತಮ್ಮ ಸ್ವಂತ ರಾಜ್ಯದಲ್ಲಿ ಮೂರನೆಯವರು. ಅತ್ತ ಇನ್ನೊಬ್ಬ ಅಭ್ಯರ್ಥಿ, ಭಾರೀ ಶ್ರೀಮಂತ ಮೈಕಲ್ ಬ್ಲೂಮ್‌ಬರ್ಗ್ ಸ್ವಂತ ದುಡ್ಡು 50 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಗೆದ್ದದ್ದು ಅಮೆರಿಕನ್ ಸಮೋವಾ ಅನ್ನುವ ಪುಟ್ಟ ದ್ವೀಪ ಪ್ರದೇಶ ಒಂದನ್ನೇ. ಜಾಹೀರಾತಿಗಿಂತ ನೆಂಟರ ಬಗೆಗಿನ ಊಹೆ ಬಲಶಾಲಿ ಅಂತ ಆವತ್ತು ಗೊತ್ತಾಯಿತು.

ಸೋತ ಕಡೆಯವರ ಹೊಟ್ಟೆಯುರಿ ಇದು ಅಂತ ಅಂದುಕೊಳ್ಳಬೇಡಿ. ಬೈಡನ್ ನವೆಂಬರ್‌ನಲ್ಲಿ ಗೆದ್ದರು, ನಾನೂ ಅವರಿಗೇ ಓಟು ಹಾಕಿದೆ. ನೋಡಿ, ಊಹೆ ಸರಿಯಾಯಿತಲ್ಲ ಅಂತ ಗೆಳೆಯರು ಹೇಳುತ್ತಾರೆ. ಆದರೆ 2004ರಲ್ಲಿ ಏನಾಯಿತು? ಅಯೋವಾದಲ್ಲಿ ಹೊವರ್ಡ್ ಡೀನ್ ಅವರನ್ನು ಬಿಟ್ಟು ಜಾನ್ ಕೆರಿ ಕಡೆ ಜನ ತಿರುಗಿದ್ದು ಇದೇ ಲೆಕ್ಕದ ಮೇಲೆ. ಯುದ್ಧಕ್ಕೆ ಹೋಗಿ ಬಂದವರು, ಪದಕ ಇರುವವರು, ಬುಷ್ ಎದುರು ಇವರೇ ಸರಿ ಅಂತ. ಕೆರಿ ಸೋತರು. 2008ರಲ್ಲಿ ಒಬಾಮಾ ಗೆಲ್ಲೋದಿಲ್ಲ ಅಂದರು, ಗೆದ್ದರು. 2016ರಲ್ಲಿ ಟ್ರಂಪ್ ಗೆಲ್ಲೋದೇ ಇಲ್ಲ ಅಂತ ಅವರ ಪಕ್ಷದ ದೊಡ್ಡವರೇ ಹೇಳಿದರು, ಪ್ರೈಮರಿಯ ಮತದಾರರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರನ್ನು ಏನು ಬೇಕಾದರೂ ಅನ್ನಿ, ತಮಗೆ ಬೇಕಾದವರಿಗೆ ಓಟು ಹಾಕಿದರು ಅನ್ನೋದಂತೂ ನಿಜ.

ನವೆಂಬರ್‌ನಲ್ಲಿ ಇರೋದು ಎರಡೇ ಆಯ್ಕೆ, ಅಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ಪ್ರೈಮರಿಯಲ್ಲಿ ಪಕ್ಷ ಕೇಳುತ್ತಿರೋದೇ 'ನಿಮಗೆ ಯಾರು ಬೇಕು' ಅಂತ. ಅದಕ್ಕೆ ಎಲ್ಲರೂ 'ಅವರಿಗೆ ಯಾರು ಬೇಕೋ ಅವರು' ಅಂತ ಉತ್ತರ ಕೊಟ್ಟರೆ, ಆ 'ಅವರು' ಕೂಡ ಅದನ್ನೇ ಹೇಳಿದರೆ, ಕೊನೆಗೆ ಯಾರೂ ಏನೂ ಹೇಳಿದ ಹಾಗೆ ಆಗಲಿಲ್ಲ.

ಇನ್ನೂ ಒಂದು ಕಸಿವಿಸಿ ಇದೆ. 'ಬೇರೆಯವರು' ಅನ್ನೋದು ಬಹಳ ಸಲ ಬೇರೆಯವರಲ್ಲ. ಬುಟಿಜೆಜ್ ಸಲಿಂಗಿ, ಗಂಡನನ್ನು ಮದುವೆಯಾದವರು. ನ್ಯಾಶುವಾದಲ್ಲಿ ಅವರ ಮಾತು ಬಂದಾಗಲೆಲ್ಲ ಕೇಳುತ್ತಿದ್ದ ಸಾಲು: ನನಗೇನೂ ತೊಂದರೆ ಇಲ್ಲ, ಆದರೆ ದೇಶ ಇನ್ನೂ ತಯಾರಾಗಿಲ್ಲ. ವಾರನ್ ಬಗ್ಗೆಯೂ ಅದೇ: ಹೆಂಗಸು ಅಂತ ನನಗೇನೂ ಇಲ್ಲ, ಬೇರೆಯವರು ಒಪ್ಪಬೇಕಲ್ಲ. ಹೇಳಿದವರಲ್ಲಿ ಹೆಂಗಸರೂ ಇದ್ದರು, ಅವರ ಹೆದರಿಕೆ ನಿಜವಾದದ್ದು, 2016ರ ಗಾಯ ಇನ್ನೂ ಹಸಿ ಇತ್ತು. ಆದರೆ ಕೆಲವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ದೇಶ ತಯಾರಿಲ್ಲ ಅಂದರೆ ತಾವೇ ತಯಾರಿಲ್ಲ ಅಂತ.

ಇದರ ಎದುರಿಗೆ ಅಯೋವಾದ ಒಂದು ಘಟನೆ ಇಡುತ್ತೇನೆ. ಅಲ್ಲಿ ಪ್ರೈಮರಿ ಬದಲು ಕಾಕಸ್. ಡೆಮಾಕ್ರಟಿಕ್ ಪಕ್ಷದವರು 2020ರವರೆಗೂ ಮಾಡುತ್ತಿದ್ದದ್ದು ಹೀಗೆ: ಸಂಜೆ ಶಾಲೆಯ ಜಿಮ್‌ನಲ್ಲೋ ಚರ್ಚಿನಲ್ಲೋ ಸೇರುವುದು, ನಿಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲುವುದು, ತಲೆ ಎಣಿಸುವುದು. ಸಾಮಾನ್ಯವಾಗಿ 15 ಶೇಕಡ ಜನ ಇಲ್ಲದ ಗುಂಪಿನವರು ಇನ್ನೊಂದು ಮೂಲೆಗೆ ಹೋಗಬಹುದಿತ್ತು. ಉಳಿದವರು ಬನ್ನಿ ಬನ್ನಿ ಅಂತ ಕರೆಯುತ್ತಿದ್ದರು. ಗುಟ್ಟು ಅನ್ನೋದು ಇರಲಿಲ್ಲ, ಕಾರಣವನ್ನು ನೆರೆಹೊರೆಯವರ ಮುಂದೆ ಬಾಯಿಬಿಟ್ಟು ಹೇಳುವ ಪ್ರಸಂಗ ಬರುತ್ತಿತ್ತು. ಆ ವರ್ಷ ಒಬ್ಬ ಮಹಿಳೆ ಬುಟಿಜೆಜ್ ಪರ ಕಾರ್ಡ್ ತುಂಬಿ ಕೊಟ್ಟಾದ ಮೇಲೆ ಅವರು ಸಲಿಂಗಿ ಅಂತ ಗೊತ್ತಾಗಿ, ನನ್ನ ಕಾರ್ಡ್ ವಾಪಸ್ ಕೊಡಿ ಅಂತ ಕೇಳಿದರು. ಎದುರಿಗಿದ್ದ ಕಾರ್ಯಕರ್ತೆ ಸಿಟ್ಟು ಮಾಡಿಕೊಳ್ಳದೆ ಸಮಾಧಾನವಾಗಿ ಮಾತಾಡಿದರು. ವಿಡಿಯೋ ದೇಶವೆಲ್ಲ ನೋಡಿತು, ಎಲ್ಲರೂ ಆ ಮಹಿಳೆಗೆ ಬೈದರು. ಅವರ ಮಾತು ನನಗೂ ಒಪ್ಪಿಗೆ ಇಲ್ಲ, ಒಂದು ಚೂರೂ ಇಲ್ಲ. ಆದರೆ ಅವರು ಹೇಳಿದ್ದು ತಮ್ಮ ಕಾರಣ. ಅದರ ಜೊತೆ ವಾದ ಮಾಡಬಹುದು, ಆ ಕಾರ್ಯಕರ್ತೆ ಮಾಡಿದರಲ್ಲ. ಅಲ್ಲಿಲ್ಲದ ತಮ್ಮನ ಜೊತೆ ನ್ಯಾಶುವಾದ ಬಾಗಿಲಲ್ಲಿ ನಿಂತು ನಾನು ಹೇಗೆ ವಾದ ಮಾಡಲಿ?

ಇನ್ನು ದಕ್ಷಿಣ ಕರೊಲೈನಾ. ನೀವು ಬರೆದ 'ಒಬ್ಬ ನಾಯಕನ ಮಾತಿಗೆ ಮತದಾರರು ಹಿಂದೆ ಬಂದರು' ಅನ್ನುವ ಸಾಲಿಗೆ ನನ್ನ ವಿರೋಧ ಇದೆ. ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು, ನೆವಾಡದಲ್ಲಿ ದೂರದ ಎರಡನೆಯವರು ಆಗಿದ್ದ ಬೈಡನ್ ಅಲ್ಲಿ ಅರ್ಧದ ಹತ್ತಿರ ಓಟು ತೆಗೆದುಕೊಂಡರು. ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಓಟು ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಮತದಾನಕ್ಕೆ ಮೂರು ದಿನ ಇರುವಾಗ ನೀವು ಹೇಳುವ ಆ ನಾಯಕ, ಅಲ್ಲಿನ ಸಂಸದ ಜಿಮ್ ಕ್ಲೈಬರ್ನ್, ಬೈಡನ್‌ಗೆ ಬೆಂಬಲ ಘೋಷಿಸಿದರು. ಅವರು ಆಡಿದ ಮಾತು ಬಹಳ ಸರಳ: ಜೋ ನಮಗೆ ಗೊತ್ತು, ಅದಕ್ಕಿಂತ ಮುಖ್ಯ, ಜೋಗೆ ನಾವು ಗೊತ್ತು.

ಇದನ್ನು ಕುರಿಮಂದೆ ಅನ್ನುವವರು ಆ ಮತದಾರರ ಮಾತನ್ನು ಕೇಳಿಸಿಕೊಂಡಿಲ್ಲ. ಟಿವಿಯಲ್ಲಿ, ಪತ್ರಿಕೆಗಳಲ್ಲಿ ಆ ವಾರ ವಯಸ್ಸಾದ ಕಪ್ಪು ಮತದಾರರು ಮತ್ತೆ ಮತ್ತೆ ಹೇಳಿದ್ದು ಏನೆಂದರೆ, ಬಿಳಿಯರು ಕೊನೆಗೆ ಯಾರಿಗೆ ಓಟು ಹಾಕುತ್ತಾರೆ ಅನ್ನೋದು ನಮಗೆ ಗೊತ್ತು, ಅದನ್ನು ನೋಡಿಕೊಂಡೇ ನಾವು ಇಷ್ಟು ಕಾಲ ಬದುಕಿದ್ದೇವೆ ಅನ್ನುವ ಅರ್ಥದ ಮಾತು. ಇದೂ ಬೇರೆಯವರ ಬಗೆಗಿನ ಲೆಕ್ಕವೇ. ಹಾಗಾದರೆ ನ್ಯಾಶುವಾದ ಅಕ್ಕನನ್ನು ಬೈದು ಇವರನ್ನು ಹೊಗಳೋದು ಯಾಕೆ ಅಂತ ನೀವು ಕೇಳಬಹುದು, ಕೇಳಬೇಕು. ಓಟಿನ ಹಕ್ಕಿಗೇ ಏಟು ತಿಂದವರು, ಅಥವಾ ಏಟು ತಿಂದವರ ಮಕ್ಕಳು ಅವರು. ತಪ್ಪು ಲೆಕ್ಕ ಹಾಕಿದರೆ ಮೊದಲು ಬೆಲೆ ತೆರುವವರು ತಾವೇ ಅಂತ ಅವರಿಗೆ ಗೊತ್ತು. ಆಮೇಲೆ ಅವರ ಲೆಕ್ಕ ಪುರಾವೆ ಬಂದರೆ ಬದಲಾಗುತ್ತದೆ. 2007ರಲ್ಲಿ ಅವರಲ್ಲಿ ಬಹಳ ಜನ ಹಿಲರಿ ಕ್ಲಿಂಟನ್ ಕಡೆ ಇದ್ದರು, ಒಬಾಮಾ ಇಷ್ಟ ಇಲ್ಲ ಅಂತಲ್ಲ, ಬಿಳಿಯರು ಓಟು ಹಾಕುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. 2008ರ ಜನವರಿ 3ರಂದು ಬಹುತೇಕ ಬಿಳಿಯರೇ ಇರುವ ಅಯೋವಾ ಒಬಾಮಾ ಅವರನ್ನು ಗೆಲ್ಲಿಸಿತು. ಜನವರಿ 26ಕ್ಕೆ ದಕ್ಷಿಣ ಕರೊಲೈನಾದಲ್ಲಿ ಒಬಾಮಾಗೆ 55 ಶೇಕಡ, ಹಿಲರಿಗೆ 27. ಮೂರು ವಾರದಲ್ಲಿ! ಊಹೆಗೂ ಅನುಭವಕ್ಕೂ ಇರುವ ವ್ಯತ್ಯಾಸ ಅದು. ಒಂದೇ ಫೋನ್ ಮಾಡಿ ತಮ್ಮನನ್ನು ಕೇಳದೇ ಇರೋದು ಒಂದು, ಒಂದು ಜೀವಮಾನ ನೋಡಿ ಹೇಳೋದು ಇನ್ನೊಂದು.

ಮುಂಚಿತವಾಗಿ ಓಟು ಹಾಕಿದವರ ಪಾಡನ್ನೂ ಹೇಳಿಬಿಡುತ್ತೇನೆ, ಲೇಖನದಲ್ಲಿ ಇದರ ಸುಳಿವೇ ಇಲ್ಲ. 2020ರ ಆ ಸೂಪರ್ ಟ್ಯೂಸ್‌ಡೇಗೆ ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಬ್ಯಾಲೆಟ್ ಫೆಬ್ರುವರಿಯಲ್ಲೇ ಮನೆಗೆ ಬಂದಿತ್ತು. ನಮ್ಮಲ್ಲೂ ಹಿಂದಿನ ವಾರ ಮತಗಟ್ಟೆ ತೆರೆದಿತ್ತು. ಶಿಸ್ತಿನಿಂದ ಮೊದಲೇ ಹೋಗಿ ಬುಟಿಜೆಜ್‌ಗೋ ಕ್ಲೋಬುಶಾರ್‌ಗೋ ಓಟು ಹಾಕಿ ಬಂದವರು ಮತದಾನದ ದಿನ ನೋಡಿದರೆ ಅಭ್ಯರ್ಥಿಯೇ ಇಲ್ಲ. ಹಾಕಿದ್ದನ್ನು ವಾಪಸ್ ತೆಗೆದುಕೊಳ್ಳುವ ಹಾಗೂ ಇಲ್ಲ. ಇವರು ಮಾತ್ರ ತಮಗೆ ಬೇಕಾದವರಿಗೇ ಓಟು ಹಾಕಿದ್ದರು, ದಂಡ ಬಿದ್ದದ್ದೂ ಇವರಿಗೇ. ಅಲಾಸ್ಕಾ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳಲ್ಲಿ ಆ ವರ್ಷ ಡೆಮಾಕ್ರಟಿಕ್ ಪಕ್ಷ 1, 2, 3 ಅಂತ ಆದ್ಯತೆಯ ಪ್ರಕಾರ ಗುರುತು ಹಾಕಲು ಬಿಟ್ಟಿತು. ಮೊದಲನೆಯವರು ಸಾಲದೆ ಹೋದರೆ ಓಟು ಎರಡನೆಯವರಿಗೆ ಹೋಗುತ್ತದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಇದು ಗೊತ್ತಿರುತ್ತದೆ. ಹಾಗೆ ಮಾಡಿದರೆ ಮೊದಲ ಆದ್ಯತೆಯನ್ನಾದರೂ ಹೆದರದೆ ಇಷ್ಟದವರಿಗೆ ಕೊಡಬಹುದು, ತಮ್ಮನಿಗೆ ಎರಡನೆಯದು ಕೊಟ್ಟರಾಯಿತು. ಅದೇ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬೇರೆ ಚುನಾವಣೆಗಳಿಗೆ ಈ ಪದ್ಧತಿ ತರಬೇಕಾ ಅಂತ ಜನಮತ ಕೇಳಿದರು. ಬೇಡ ಅಂದರು ನಮ್ಮ ಜನ. ಅಧ್ಯಕ್ಷೀಯ ಪ್ರೈಮರಿ ಅದರಲ್ಲಿ ಸೇರಿರಲೂ ಇಲ್ಲ.

ಕಾರಣ ಕೇಳದೆ ಓಟು ಮಾತ್ರ ಎಣಿಸಿದರೆ ಎಷ್ಟು ದೊಡ್ಡ ಎಡವಟ್ಟು ಆಗಬಹುದು ಅನ್ನೋದಕ್ಕೆ 1968ರ ನ್ಯೂ ಹ್ಯಾಂಪ್‌ಶೈರ್ ಸಾಕ್ಷಿ. ಅಧ್ಯಕ್ಷ ಜಾನ್ಸನ್ ಎದುರು ಅವರದೇ ಪಕ್ಷದ ಯೂಜೀನ್ ಮೆಕಾರ್ಥಿ, ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ನಿಂತವರು. ಜಾನ್ಸನ್ ಹೆಸರು ಬ್ಯಾಲೆಟ್‌ನಲ್ಲೇ ಇರಲಿಲ್ಲ, ಬೆಂಬಲಿಗರು ಕೈಯಲ್ಲಿ ಬರೆದು ಓಟು ಹಾಕಿದರು. ಗೆದ್ದದ್ದು ಜಾನ್ಸನ್ನೇ, ಆದರೆ ಮೆಕಾರ್ಥಿಗೆ 42 ಶೇಕಡ ಬಂತು. ಯುದ್ಧ ಬೇಡ ಅಂತ ಜನ ತೀರ್ಪು ಕೊಟ್ಟರು ಅಂತ ಪತ್ರಿಕೆಗಳೆಲ್ಲ ಬರೆದವು. ಆ ತಿಂಗಳ ಕೊನೆಗೆ ಜಾನ್ಸನ್ ಮತ್ತೆ ನಿಲ್ಲೋದಿಲ್ಲ ಅಂದುಬಿಟ್ಟರು. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಮತದಾರರನ್ನೇ ಕೇಳಿದ ಉತ್ತರಗಳನ್ನು ತೆಗೆದು ನೋಡಿದರೆ, ಅಲ್ಲಿ ಮೆಕಾರ್ಥಿಗೆ ಓಟು ಹಾಕಿದವರಲ್ಲಿ ಯುದ್ಧ ನಿಲ್ಲಿಸಿ ಅನ್ನುವವರಿಗಿಂತ, ಜಾನ್ಸನ್ ಯುದ್ಧವನ್ನು ಇನ್ನೂ ಜೋರಾಗಿ ಮಾಡುತ್ತಿಲ್ಲ ಅಂತ ಸಿಟ್ಟಾಗಿದ್ದವರೇ ಜಾಸ್ತಿ! ಒಂದೇ ಹೆಸರಿನ ಮುಂದೆ ಗುರುತು, ಒಳಗೆ ತದ್ವಿರುದ್ಧ ಮನಸ್ಸು. ನಾನು ಇದನ್ನು ಮೊದಲು ಓದಿದಾಗ ಎರಡು ಸಲ ಓದಿದೆ.

2024ರಲ್ಲೂ ಇಂಥದ್ದೇ. ನ್ಯೂ ಹ್ಯಾಂಪ್‌ಶೈರ್‌ನ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್‌ಗೆ 54 ಶೇಕಡ, ನಿಕ್ಕಿ ಹೇಲಿಗೆ 43. ಹೇಲಿಗೆ ಅಷ್ಟೊಂದು ಅಭಿಮಾನಿಗಳಾ ಅಂದರೆ ಅಲ್ಲ. ಬಹಳ ಜನ ಹೇಲಿ ಬೇಕು ಅಂತ ಅಲ್ಲ, ಟ್ರಂಪ್ ಬೇಡ ಅಂತ ಹಾಕಿದವರು. ಅದಕ್ಕಾಗಿಯೇ ಹಿಂದಿನ ಅಕ್ಟೋಬರ್‌ನಲ್ಲೇ ಡೆಮಾಕ್ರಟಿಕ್ ನೋಂದಣಿ ಬಿಟ್ಟು ಪಕ್ಷ ಇಲ್ಲದವರಾಗಿ ಬದಲಾಯಿಸಿಕೊಂಡವರೂ ಇದ್ದರು. ಮಾರ್ಚ್ 6ಕ್ಕೆ ಹೇಲಿ ಕಣದಿಂದ ಹೊರಗೆ ಹೋದರು. ಎರಡು ತಿಂಗಳ ಮೇಲೆ ಇಂಡಿಯಾನಾದಲ್ಲಿ ಐದರಲ್ಲಿ ಒಂದಕ್ಕೂ ಜಾಸ್ತಿ ಓಟು ಆಗಲೂ ಅವರಿಗೇ ಬಿತ್ತು. ಇಲ್ಲದ ಅಭ್ಯರ್ಥಿಗೆ ಓಟು ಹಾಕಲು ಜನ ಮನೆಯಿಂದ ಹೊರಟು ಬಂದರು. ಟ್ರಂಪ್ ಮೇಲಿನ ಸಿಟ್ಟಾ, ಡೆಮಾಕ್ರಟರ ಕುಚೋದ್ಯವಾ, ಅಭ್ಯಾಸವಾ? ಸಂಖ್ಯೆ ಬಾಯಿಬಿಡೋದಿಲ್ಲ.

ಕಾರಣ ಸ್ಪಷ್ಟವಾಗಿ ಕಂಡದ್ದು ಅದೇ ವರ್ಷ ಮಿಷಿಗನ್‌ನಲ್ಲಿ. ಅಲ್ಲಿ ಬ್ಯಾಲೆಟ್‌ನಲ್ಲಿ 'ಯಾರಿಗೂ ಬದ್ಧರಲ್ಲ' ಅನ್ನುವ ಸಾಲು ಇರುತ್ತದೆ, ನಮ್ಮ ನೋಟಾಗೆ ಹತ್ತಿರದ್ದು, ಆದರೆ ಇದಕ್ಕೆ ಸಾಕಷ್ಟು ಓಟು ಬಿದ್ದರೆ ಡೆಲಿಗೇಟ್ ಕೂಡ ಸಿಗುತ್ತಾರೆ. ಗಾಜಾ ಯುದ್ಧದಲ್ಲಿ ಬೈಡನ್ ನಡೆದುಕೊಂಡ ರೀತಿಗೆ ಪ್ರತಿಭಟನೆಯಾಗಿ ಫೆಬ್ರುವರಿ 27ರಂದು 1 ಲಕ್ಷಕ್ಕೂ ಜಾಸ್ತಿ ಜನ ಆ ಸಾಲಿಗೆ ಗುರುತು ಹಾಕಿದರು, ಒಟ್ಟು ಓಟಿನಲ್ಲಿ ಸುಮಾರು 13 ಶೇಕಡ. ಅರಬ್ ಮೂಲದವರು ಜಾಸ್ತಿ ಇರುವ ಡಿಯರ್‌ಬಾರ್ನ್ ನಗರದಲ್ಲಿ ಆ ಸಾಲೇ ಬೈಡನ್‌ಗಿಂತ ಮುಂದೆ. ಬೈಡನ್ ಪಕ್ಷದ ಅಭ್ಯರ್ಥಿ ಆಗೋದು ಆಗ ಖಾತ್ರಿ ಇತ್ತು ಅಂತಲೇ ಎಲ್ಲರೂ ತಿಳಿದಿದ್ದರು. ಗೆಲ್ಲಿಸೋದು, ಸೋಲಿಸೋದು ಅನ್ನುವ ಊಹೆಗೆ ಜಾಗವೇ ಇರಲಿಲ್ಲ. ಅದಕ್ಕೇ ಇರಬೇಕು, ಮೈಕ್ ಮುಂದೆ ಬಂದ ಒಬ್ಬೊಬ್ಬರೂ 'ನಾನು' ಅಂತಲೇ ಮಾತು ಶುರು ಮಾಡುತ್ತಿದ್ದರು. ನನ್ನ ಮನೆಯವರು, ನನ್ನ ತೆರಿಗೆ, ನನ್ನ ಓಟು.

ಭಾರತೀಯ ಮೂಲದವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಪ್ಯಾರಾ ಇದೆ, ಅದಕ್ಕೂ ಒಂದು ಮಾತು. ಹೇಲಿ, ವಿವೇಕ್ ರಾಮಸ್ವಾಮಿ, ಕಮಲಾ ಹ್ಯಾರಿಸ್, ಯಾರೇ ನಿಂತರೂ ಇಲ್ಲಿನ ಭಾರತೀಯರೆಲ್ಲ ಕಣ್ಣು ಮುಚ್ಚಿ ಹಾಕುತ್ತಾರೆ ಅನ್ನೋದು ಊರಲ್ಲಿ ಕೂತು ಬರೆಯುವ ಮಾತು. ಹ್ಯಾರಿಸ್ 2019ರ ಡಿಸೆಂಬರ್‌ನಲ್ಲೇ, ಒಂದು ಓಟೂ ಬೀಳುವ ಮೊದಲೇ ಹಿಂದೆ ಸರಿದರು. ರಾಮಸ್ವಾಮಿ ಅಯೋವಾದಲ್ಲಿ 8 ಶೇಕಡದ ಹತ್ತಿರ ತಗೊಂಡು ಆ ರಾತ್ರಿಯೇ ಹೊರಗೆ. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲೇ ಒಂದೊಂದು ಮನೆಯಲ್ಲಿ ಗಂಡನಿಗೊಂದು ಬ್ಯಾಲೆಟ್, ಹೆಂಡತಿಗೊಂದು ಬ್ಯಾಲೆಟ್. ಒಬ್ಬರಿಗೆ ಗ್ರೀನ್ ಕಾರ್ಡ್ ಸರತಿ ಮುಖ್ಯ, ಒಬ್ಬರಿಗೆ ತೆರಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಗರ್ಭಪಾತದ ಕಾನೂನು. ಹೆಸರು ನೋಡಿ ಓಟು ಹಾಕಿದವರೂ ಇಲ್ಲ ಅಂತಲ್ಲ, ಇದ್ದಾರೆ. ಅವರನ್ನೂ ಕೇಳಿ, ಹೇಳುತ್ತಾರೆ.

ನನ್ನ ಕೋರಿಕೆ ಇಷ್ಟೇ. 2028ರ ಪ್ರೈಮರಿಗೆ ನಿಮ್ಮ ವರದಿಗಾರರು ಬರುವುದಾದರೆ ಅಭ್ಯರ್ಥಿಗಳ ಸಭೆಗೆ ಒಂದು ದಿನ ಹೋದರೆ ಸಾಕು, ಭಾಷಣ ಎಲ್ಲ ಕಡೆ ಒಂದೇ. ಉಳಿದ ದಿನ ಮತಗಟ್ಟೆಯ ಹೊರಗೆ ನಿಲ್ಲಲಿ. ಯಾರಿಗೆ ಹಾಕಿದಿರಿ ಅಂತ ಕೇಳಿ ಸುಮ್ನೆ ಮುಂದೆ ಹೋಗಬೇಡಿ, ಯಾಕೆ ಅಂತ ಕೇಳಲಿ. 'ಬೇರೆಯವರು ಒಪ್ಪಲ್ಲ' ಅನ್ನುವ ಉತ್ತರ ಬಂದರೆ, ಬಂದೇ ಬರುತ್ತದೆ, ಬೇರೆಯವರ ಮಾತು ಬಿಡಿ, ನಿಮಗೆ ಯಾರು ಬೇಕಿತ್ತು ಅಂತ ಇನ್ನೊಂದು ಪ್ರಶ್ನೆ ಕೇಳಲಿ. ಉತ್ತರ ಎಷ್ಟೇ ಸಣ್ಣದಿರಲಿ, ಪೆದ್ದುಪೆದ್ದಾಗಿರಲಿ, ತಿದ್ದದೆ ಅಚ್ಚು ಹಾಕಿ. ಜಾಗ ಸಾಲದಿದ್ದರೆ ಡೆಲಿಗೇಟ್ ಪಟ್ಟಿಯನ್ನು ಸಣ್ಣದು ಮಾಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ,
ಮ್ಯಾಸಚೂಸೆಟ್ಸ್, ಅಮೆರಿಕ